2033ಕ್ಕೆ ಕಲಿಸುವವರು ಯಾರು?

2024ರ ಜನವರಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಒಂದು ಚಿಕ್ಕ ಸೂಚನೆ ಹೊರಡಿಸಿತು. ಎಂ.ಫಿಲ್. ಪದವಿಯನ್ನು ದೇಶದಾದ್ಯಂತ ನಿಲ್ಲಿಸಿಯಾಗಿದ್ದರೂ ಎರಡು ವಿಷಯಗಳಿಗೆ ಮಾತ್ರ 2025-26ರ ಶೈಕ್ಷಣಿಕ ವರ್ಷದವರೆಗೆ ವಿನಾಯಿತಿ ಇದೆ ಎಂಬುದು ಅದರ ಸಾರ. ಒಂದು ಕ್ಲಿನಿಕಲ್ ಸೈಕಾಲಜಿ, ಇನ್ನೊಂದು ಮನೋವೈದ್ಯಕೀಯ ಸಮಾಜಕಾರ್ಯ. ಆ ಕೋರ್ಸುಗಳ ವಿದ್ಯಾರ್ಥಿಗಳನ್ನು ಬಿಟ್ಟರೆ ಬೇರೆ ಯಾರಿಗೂ ಸಂಬಂಧಿಸಿದ ವಿಷಯ ಇದು ಎನಿಸುವುದಿಲ್ಲ. ಗದಗದಲ್ಲೋ ಚಾಮರಾಜನಗರದಲ್ಲೋ ಹತ್ತು ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವವರಿಗೆ ದೆಹಲಿಯ ಈ ಕಾಗದದಿಂದ ಏನಾಗಬೇಕು? ಇವತ್ತಿಗೆ ಏನೂ ಆಗುವುದಿಲ್ಲ. ಇನ್ನು ಏಳೆಂಟು ವರ್ಷಕ್ಕೆ ಆಗುವ ಸಾಧ್ಯತೆ ಮಾತ್ರ ದೊಡ್ಡದು. ಅದು ಹೇಗೆಂದು ತಿಳಿಯಲು ಮೊದಲು ಈ ತರಬೇತಿ ಏನನ್ನು ಕಲಿಸುತ್ತದೆ ಎಂಬುದನ್ನು ನೋಡಬೇಕು.

ಕ್ಲಿನಿಕಲ್ ಸೈಕಾಲಜಿ ಎಂದರೆ ಮಾನಸಿಕ ತೊಂದರೆಗಳನ್ನು ಅಳೆದು, ಗುರುತಿಸಿ, ಮಾತು ಮತ್ತು ವರ್ತನೆಯ ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುವ ಶಾಸ್ತ್ರ. ಅದರ ಒಂದು ಕವಲು ಆರೋಗ್ಯ ಮನೋವಿಜ್ಞಾನ. ಇಲ್ಲಿ ರೋಗಿ ಬರುವುದು ಮನಸ್ಸಿನ ಕಾಯಿಲೆಗೆಂದು ಅಲ್ಲ, ಹೃದಯ, ಮೂತ್ರಪಿಂಡ, ಕ್ಯಾನ್ಸರ್, ಮಧುಮೇಹ ಮುಂತಾದ ದೇಹದ ಕಾಯಿಲೆಗೆಂದು. ಆದರೆ ಆ ಕಾಯಿಲೆಯ ಗತಿಯನ್ನು ನಿರ್ಧರಿಸುವುದರಲ್ಲಿ ಅವರ ಯೋಚನೆ, ಭಯ, ಅಭ್ಯಾಸಗಳಿಗೂ ಪಾಲಿರುತ್ತದೆ. ಒಂದು ಉದಾಹರಣೆ ನೋಡಿ. ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುವ ಕೆಲವರಿಗೆ ನಾಲ್ಕೈದು ಸುತ್ತಿನ ನಂತರ ಔಷಧ ಮೈಸೇರುವ ಮೊದಲೇ, ಆಸ್ಪತ್ರೆಯ ವಾಸನೆ ಬಡಿದರೆ ಸಾಕು, ವಾಂತಿ ಬರುತ್ತದೆ. ಇದು ನಾಟಕವೂ ಅಲ್ಲ, ದೌರ್ಬಲ್ಯವೂ ಅಲ್ಲ. ಆ ವಾಸನೆಯ ಬೆನ್ನಿಗೇ ಪ್ರತಿಸಲವೂ ವಾಕರಿಕೆ ಬಂದಿರುವುದರಿಂದ ಮಿದುಳು ಎರಡನ್ನೂ ಜೋಡಿಸಿಕೊಂಡಿದೆ. ಪಾವ್ಲೋವ್‌ನ ನಾಯಿಗಳಲ್ಲಿ ಕಂಡ ಕಲಿಕೆಯೇ ಇದು. ಒಮ್ಮೆ ಹೀಗೆ ಕಲಿತಾದ ಮೇಲೆ ವಾಂತಿ ನಿಲ್ಲಿಸುವ ಔಷಧಗಳು ಅಷ್ಟಾಗಿ ಫಲ ಕೊಡುವುದಿಲ್ಲ. ಸ್ನಾಯುಗಳನ್ನು ಸಡಿಲಿಸುತ್ತ, ಆ ವಾಸನೆ ಮತ್ತು ದೃಶ್ಯಗಳಿಗೆ ಹಂತಹಂತವಾಗಿ ಮನಸ್ಸನ್ನು ಒಗ್ಗಿಸುವ ಮನೋಚಿಕಿತ್ಸೆ ಫಲ ಕೊಡುತ್ತದೆ. ಅದು ಸಿಗದ ರೋಗಿ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡಬಹುದು. ಆಗ ಅವರ ಕಡತದಲ್ಲಿ ಕಾಣುವುದು ‘ಮತ್ತೆ ಬರಲಿಲ್ಲ’ ಎಂಬುದಷ್ಟೇ.

ಹೀಗೆ ‘ಮತ್ತೆ ಬರದ’ವರ ಸಂಖ್ಯೆ ಮುಂದೆ ಹೆಚ್ಚುತ್ತದೆ ಎನ್ನಲು ಆಧಾರವಿದೆ. 1990ರಲ್ಲಿ ಭಾರತದ ಒಟ್ಟು ಸಾವುಗಳಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳ ಪಾಲು ಶೇ. 37.9 ಇತ್ತು. 2016ಕ್ಕೆ ಅದು ಶೇ. 61.8 ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ‘ಇಂಡಿಯಾಬ್’ ಅಧ್ಯಯನ ದೇಶದ ಎಲ್ಲ ರಾಜ್ಯಗಳಲ್ಲಿ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಂದಾಜು ಇದು: ಮಧುಮೇಹಿಗಳು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿರುವವರು 13.6 ಕೋಟಿ. ಹೊಸ್ತಿಲಲ್ಲಿರುವವರು ಎಂದರೆ ರಕ್ತದ ಸಕ್ಕರೆ ಮಾಮೂಲಿಗಿಂತ ಹೆಚ್ಚಿದ್ದು ಕಾಯಿಲೆಯ ಗೆರೆಯನ್ನು ಇನ್ನೂ ದಾಟದವರು. ಅದೇ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇ. 35.5ರಷ್ಟು ಜನರಿಗೆ ರಕ್ತದೊತ್ತಡ ಹೆಚ್ಚು.

ಈ ಕಾಯಿಲೆಗಳು ಹಿಂದಿನ ಸೋಂಕುರೋಗಗಳಂತೆ ವಾರದ ಔಷಧಕ್ಕೆ ಮುಗಿಯುವಂಥವಲ್ಲ. ಪ್ರತಿದಿನವೂ ಮಾತ್ರೆ, ಊಟ, ನಡಿಗೆ, ನಿದ್ದೆ ಎಲ್ಲವನ್ನೂ ರೋಗಿಯೇ ನಿಭಾಯಿಸಬೇಕು. ವೈದ್ಯರು ಮೂರು ತಿಂಗಳಿಗೊಮ್ಮೆ ಹತ್ತು ನಿಮಿಷ ಸಿಗುತ್ತಾರೆ. ಉಳಿದ ಸಮಯದ ಚಿಕಿತ್ಸಕ ರೋಗಿಯೇ. ದೀರ್ಘಕಾಲದ ಕಾಯಿಲೆಗಳಲ್ಲಿ ಬರೆದುಕೊಟ್ಟಂತೆ ಔಷಧ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಮಾಡಿತ್ತು. ‘ರೋಗಿಗಳು ಹೇಳಿದ ಮಾತು ಕೇಳುವುದಿಲ್ಲ’ ಎಂದು ಬೈದರೆ ಈ ಅರ್ಧ ಮುಕ್ಕಾಲಾಗುವುದಿಲ್ಲ. ಏಕೆ ಕೇಳುವುದಿಲ್ಲ ಎಂಬುದನ್ನು ಒಬ್ಬೊಬ್ಬರಲ್ಲೂ ಹುಡುಕಬೇಕು. ಒಬ್ಬರಿಗೆ ಇನ್ಸುಲಿನ್ ಎಂದರೆ ಕೊನೆಗಾಲ ಬಂತೆಂಬ ಭಯ. ಇನ್ನೊಬ್ಬರಿಗೆ ಬೀಗರ ಮನೆಯಲ್ಲಿ ಸೂಜಿ ಚುಚ್ಚಿಕೊಳ್ಳಲು ನಾಚಿಕೆ. ಮತ್ತೊಬ್ಬರಿಗೆ ಯಾವುದೂ ಬೇಡವೆನಿಸುವ ಖಿನ್ನತೆ. ಮೂವರ ಸಕ್ಕರೆಯ ಅಂಕಿಯೂ ಒಂದೇ ಇರಬಹುದು, ಆದರೆ ಪರಿಹಾರ ಬೇರೆಬೇರೆ.

ಅಭ್ಯಾಸ ಬದಲಿಸುವ ಚಿಕಿತ್ಸೆ ಕೆಲಸ ಮಾಡುತ್ತದೆಯೇ? ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 531 ಜನರನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಉತ್ತರ ಕೊಟ್ಟಿತು. ಎಲ್ಲರೂ ಮಧುಮೇಹದ ಹೊಸ್ತಿಲಲ್ಲಿದ್ದವರು. ಮಾಮೂಲಿ ಸಲಹೆ ಮಾತ್ರ ಪಡೆದ ಗುಂಪಿನಲ್ಲಿ ಶೇ. 55 ಜನ ಮಧುಮೇಹಿಗಳಾದರು. ಊಟ ಮತ್ತು ವ್ಯಾಯಾಮದ ಬದಲಾವಣೆಗೆ ನಿರಂತರ ಬೆಂಬಲ ಪಡೆದವರಲ್ಲಿ ಶೇ. 39.3, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 40.5. ಅಭ್ಯಾಸದ ಬದಲಾವಣೆ ಮಾತ್ರೆಗೆ ಸರಿಸಮವಾಗಿ ನಿಂತಿತು. ಅಮೆರಿಕದಲ್ಲಿ 3,234 ಜನರ ಮೇಲೆ ನಡೆದ ಇಂಥದೇ ಪ್ರಯೋಗದಲ್ಲಿ ಅದು ಮಾತ್ರೆಯನ್ನು ಮೀರಿಸಿತ್ತು. ಮಾತ್ರೆಗಾದರೆ ಕಾರ್ಖಾನೆ ಇದೆ, ಮಾರಾಟ ಪ್ರತಿನಿಧಿ ಇದ್ದಾನೆ, ಊರೂರಿಗೂ ಮೆಡಿಕಲ್ ಶಾಪ್ ಇದೆ. ಅಭ್ಯಾಸ ಬದಲಿಸುವ ಚಿಕಿತ್ಸೆ ತಲುಪಬೇಕಾದರೆ ಅದನ್ನು ಬಲ್ಲ ಮನುಷ್ಯರೇ ತಯಾರಾಗಬೇಕು.

ಇನ್ನು ಮನಸ್ಸು ನೇರವಾಗಿ ದೇಹವನ್ನು ಕೆಡಿಸುವ ದಾರಿ. ಒತ್ತಡ ದೀರ್ಘಕಾಲ ಉಳಿದರೆ ಮಿದುಳಿನ ಹೈಪೊಥಲಾಮಸ್‌ನಿಂದ ಹೊರಟ ಸಂಕೇತ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಮುಟ್ಟಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿ ಸುರಿಯುತ್ತದೆ. ಅದು ಯಕೃತ್ತಿನಿಂದ ಸಕ್ಕರೆ ಬಿಡುಗಡೆ ಮಾಡಿಸುತ್ತದೆ, ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತದೆ. ಜೊತೆಗೆ ನಿದ್ದೆ ಕೆಡುತ್ತದೆ, ಬೀಡಿ ಸಿಗರೇಟು ಹೆಚ್ಚುತ್ತದೆ, ಮಾತ್ರೆ ಮರೆಯುತ್ತದೆ. 52 ದೇಶಗಳ ಸುಮಾರು 30 ಸಾವಿರ ಜನರನ್ನು ಒಳಗೊಂಡ ‘ಇಂಟರ್‌ಹಾರ್ಟ್’ ಅಧ್ಯಯನ ಹೃದಯಾಘಾತಕ್ಕೆ ಕಾರಣವಾಗುವ ಒಂಬತ್ತು ಪ್ರಮುಖ ಅಂಶಗಳನ್ನು 2004ರಲ್ಲಿ ಪಟ್ಟಿ ಮಾಡಿತು. ಮಾನಸಿಕ-ಸಾಮಾಜಿಕ ಒತ್ತಡ ಅದರಲ್ಲಿ ಒಂದು. ಅದನ್ನು ಮುನ್ನಡೆಸಿದ ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಕೆನಡಾದ ಮಾಂಟ್ರಿಯಲ್‌ನಲ್ಲಿ 1993ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೃದಯಾಘಾತದಿಂದ ಬದುಕುಳಿದ 222 ಜನರನ್ನು ಗಮನಿಸಿತು. ಹೃದಯದ ಸ್ಥಿತಿಗತಿಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಖಿನ್ನತೆ ಇದ್ದವರು ಆರು ತಿಂಗಳೊಳಗೆ ಸಾಯುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು.

ಇಲ್ಲಿ ಉತ್ಸಾಹಕ್ಕೆ ಒಂದು ಕಡಿವಾಣ ಹಾಕಬೇಕು. ಹಾಗಾದರೆ ಖಿನ್ನತೆಗೆ ಚಿಕಿತ್ಸೆ ಕೊಟ್ಟುಬಿಟ್ಟರೆ ಹೃದ್ರೋಗಿಗಳು ಉಳಿಯುತ್ತಾರೆಯೇ ಎಂದು ಅಮೆರಿಕದಲ್ಲಿ 2,481 ರೋಗಿಗಳ ಮೇಲೆ ನಡೆದ ‘ಎನ್‌ರಿಚ್ಡ್’ ಪ್ರಯೋಗ ಪರೀಕ್ಷಿಸಿತು. 2003ರ ಫಲಿತಾಂಶ: ಖಿನ್ನತೆ ಸ್ವಲ್ಪ ಕಡಿಮೆಯಾಯಿತು, ಸಾವು ಕಡಿಮೆಯಾಗಲಿಲ್ಲ. ಆದ್ದರಿಂದ ಮನೋಚಿಕಿತ್ಸೆಯಿಂದ ಹೃದಯ ವಾಸಿಯಾಗುತ್ತದೆ ಎಂದು ಯಾರಾದರೂ ಬೋರ್ಡು ಹಾಕಿಕೊಂಡರೆ ನಂಬಬೇಕಾಗಿಲ್ಲ. ಈ ಶಾಸ್ತ್ರ ಹೇಳಿಕೊಳ್ಳಬಹುದಾದದ್ದು ಅದಕ್ಕಿಂತ ಸಣ್ಣದು, ಆದರೆ ಗಟ್ಟಿಯಾದದ್ದು: ನೋವು, ಭಯ, ಖಿನ್ನತೆ ತಗ್ಗುತ್ತವೆ, ಔಷಧ, ಆಹಾರ, ವ್ಯಾಯಾಮದ ಕ್ರಮ ಉಳಿಯುತ್ತದೆ, ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದಾಖಲಿಸಿದ 2022ರ 1,70,924 ಆತ್ಮಹತ್ಯೆಗಳಲ್ಲಿ ಶೇ. 18.4ಕ್ಕೆ ಕೊಟ್ಟಿರುವ ಕಾರಣ ‘ಅನಾರೋಗ್ಯ’. ಅಂದರೆ ಒಂದು ವರ್ಷದಲ್ಲಿ 31 ಸಾವಿರಕ್ಕೂ ಹೆಚ್ಚು ಜನ. ಪೊಲೀಸ್ ದಾಖಲೆಯ ಕಾರಣಗಳು ಒರಟಾದವು, ನಿಜ. ಆದರೂ ಕಾಯಿಲೆಯ ಜೊತೆ ಬದುಕುವುದು ಸಾಧ್ಯವಿಲ್ಲವೆನಿಸಿದವರು ಇಷ್ಟೊಂದು ಮಂದಿ ಇದ್ದರೆ, ಅವರಲ್ಲಿ ಕೆಲವರಾದರೂ ಯಾವುದೋ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತು ಹೋದವರಿರಬೇಕು.

ಇದಕ್ಕೆಲ್ಲ ಈ ಎಂ.ಫಿಲ್.ನ ಎರಡು ವರ್ಷದ ಆಸ್ಪತ್ರೆ ತರಬೇತಿ ಏಕೆ, ಅನುಕಂಪ ಮತ್ತು ಆರು ವಾರದ ಸರ್ಟಿಫಿಕೇಟ್ ಕೋರ್ಸು ಸಾಲದೆ ಎಂಬ ಪ್ರಶ್ನೆ ಬರುತ್ತದೆ. ಬರಬೇಕಾದ ಪ್ರಶ್ನೆಯೇ. ಮಧುಮೇಹಕ್ಕೆ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವ ಐವತ್ತರ ಮಹಿಳೆಯೊಬ್ಬರು ಬಂದು, ‘ಸಂಜೆ ಹೊತ್ತು ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತೆ, ಬೆವರು ಕಿತ್ತುಕೊಂಡು ಬರುತ್ತೆ, ಕೈ ನಡುಗುತ್ತೆ, ಸತ್ತೇ ಹೋಗ್ತೀನಿ ಅನ್ನಿಸುತ್ತೆ’ ಎಂದರೆ ಅದು ಪ್ಯಾನಿಕ್ ಅಟ್ಯಾಕ್ ಇರಬಹುದು, ಅಂದರೆ ಹಠಾತ್ ಆತಂಕದ ದಾಳಿ. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತಿರುವುದೂ ಇರಬಹುದು. ಎರಡರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ, ಏಕೆಂದರೆ ಎರಡರಲ್ಲೂ ದೇಹ ಅಡ್ರಿನಲಿನ್ ಸುರಿಸುತ್ತದೆ. ಮೊದಲನೆಯದಕ್ಕೆ ಉಸಿರಾಟದ ಅಭ್ಯಾಸ ಹೇಳಿಕೊಡಬಹುದು. ಎರಡನೆಯದಕ್ಕೆ ಅದನ್ನೇ ಹೇಳಿಕೊಟ್ಟು ಕಳಿಸಿದರೆ ಆಕೆ ದಾರಿಯಲ್ಲೇ ಪ್ರಜ್ಞೆ ತಪ್ಪಬಹುದು. ಥೈರಾಯ್ಡ್ ಕುಗ್ಗಿದವರ ಜಡತೆ ಖಿನ್ನತೆಯಂತೆ ಕಾಣುತ್ತದೆ. ಸೋಡಿಯಂ ಇಳಿದ ಮುದುಕರ ಗೊಂದಲ ಹುಚ್ಚಿನಂತೆ ಕಾಣುತ್ತದೆ. ಸ್ಟಿರಾಯ್ಡ್ ಔಷಧ ಶುರುವಾದ ವಾರದಲ್ಲೇ ಮನಸ್ಥಿತಿ ಏರುಪೇರಾಗಬಹುದು. ಪುಸ್ತಕದಲ್ಲಿ ಈ ಸಾಲುಗಳನ್ನು ಯಾರು ಬೇಕಾದರೂ ಓದಬಹುದು. ಎದುರಿಗೆ ಕುಳಿತ ರೋಗಿಯಲ್ಲಿ ಅನುಮಾನ ಹುಟ್ಟಬೇಕಾದ ಕ್ಷಣದಲ್ಲಿ ಅನುಮಾನ ಹುಟ್ಟುವುದು ನೂರಾರು ಕೇಸುಗಳನ್ನು ಹಿರಿಯರೊಬ್ಬರ ಮುಂದೆ ಇಟ್ಟು, ‘ಶುಗರ್ ನೋಡಿದೆಯಾ?’ ಎಂದು ಬೈಸಿಕೊಂಡ ಮೇಲೆ.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಹಾನಿ ಮಾಡಬಲ್ಲದು ಎಂಬುದಕ್ಕೆ ಅಳತೆಯ ಸಾಕ್ಷ್ಯವಿದೆ. ಆಘಾತಕ್ಕೆ ಸಿಕ್ಕವರನ್ನು ಕೂಡಲೇ ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ವಿವರವಾಗಿ ಹೇಳಿಸುವ ಪದ್ಧತಿ 1980 ಮತ್ತು 90ರ ದಶಕಗಳಲ್ಲಿ ಜಗತ್ತಿನಾದ್ಯಂತ ಜನಪ್ರಿಯವಾಗಿತ್ತು. ‘ಮನಸ್ಸಿನಲ್ಲಿರುವುದನ್ನು ಹೊರಹಾಕಿದರೆ ಹಗುರ’ ಎಂಬುದು ಯಾರಿಗಾದರೂ ಸರಿಯೆನಿಸುವ ಮಾತು. ಬ್ರಿಟನ್ನಿನಲ್ಲಿ ಸುಟ್ಟಗಾಯದಿಂದ ಆಸ್ಪತ್ರೆ ಸೇರಿದ 133 ಜನರಲ್ಲಿ ಇದನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಹದಿಮೂರು ತಿಂಗಳ ನಂತರ, ಹೀಗೆ ಹೇಳಿಸಿಕೊಂಡವರಲ್ಲಿ ಶೇ. 26 ಜನರಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು. ಸುಮ್ಮನೆ ಬಿಟ್ಟವರಲ್ಲಿ ಶೇ. 9. ಮೊದಲ ಗುಂಪಿನವರ ಗಾಯ ಮೊದಲೇ ಸ್ವಲ್ಪ ತೀವ್ರವಾಗಿದ್ದರಿಂದ ಇಡೀ ವ್ಯತ್ಯಾಸವನ್ನು ಆ ಪದ್ಧತಿಯ ತಲೆಗೆ ಕಟ್ಟಲಾಗದು. ಆದರೆ ನಂತರ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗಲೂ ಒಂದೇ ಬೈಠಕ್ಕಿನ ಈ ವಿಧಾನದಿಂದ ಲಾಭ ಕಾಣಲಿಲ್ಲ, ಹಾನಿಯ ಸೂಚನೆ ಕಂಡಿತು. ಯಾವಾಗ ಮಾತಾಡಿಸಬಾರದು ಎಂಬುದೂ ತರಬೇತಿಯ ಭಾಗ.

ಈ ತರಬೇತಿಯ ಇತಿಹಾಸದಲ್ಲಿ ಕರ್ನಾಟಕದ ಹೆಸರು ಮೊದಲ ಪುಟದಲ್ಲೇ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನ ‘ಆಕಾಶವಾಣಿ’ ಕೇಂದ್ರವನ್ನೂ ಆರಂಭಿಸಿದವರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಅಲ್ಲಿ ಮರುವರ್ಷ ಶುರುವಾದ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಮುಂದೆ ಎಂ.ಫಿಲ್. ಆಯಿತು, ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಯಾರೆಂದು ಹೇಳುವಾಗ, ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದರಲ್ಲಿ ಮೇಲ್ವಿಚಾರಣೆಯ ಆಸ್ಪತ್ರೆ ತರಬೇತಿ ಎಂಬುದನ್ನು ಒಂದು ಅರ್ಹತೆಯಾಗಿ ಸ್ಪಷ್ಟವಾಗಿ ಬರೆದಿದೆ.

ತೊಡಕು ಇರುವುದು ಇಲ್ಲೇ. ಎಂ.ಫಿಲ್. ಎಂಬುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಮುಂಚಿನ ಸಂಶೋಧನಾ ಪದವಿಯಾಗಿತ್ತು. ಅದು ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ತೀರ್ಮಾನಿಸಿತು, 2022ರ ನವೆಂಬರಿನಲ್ಲಿ ಯುಜಿಸಿ ನಿಯಮ ಬಂತು. ಕನ್ನಡದಲ್ಲೋ ಇತಿಹಾಸದಲ್ಲೋ ಎಂ.ಫಿಲ್. ನಿಂತರೆ ವಿದ್ಯಾರ್ಥಿ ನೇರವಾಗಿ ಪಿಎಚ್.ಡಿ.ಗೆ ಹೋಗುತ್ತಾನೆ, ದೊಡ್ಡ ನಷ್ಟವಿಲ್ಲ. ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಮಾತ್ರ ಹೆಸರಿಗೆ ಸಂಶೋಧನಾ ಪದವಿ, ಅಲ್ಲಿ ನಡೆಯುವುದು ವಾರ್ಡಿನ ದುಡಿಮೆ. ವೈದ್ಯಕೀಯದಲ್ಲಿ ಎಂ.ಡಿ.ಗೆ ಇರುವ ಜಾಗ ಇದಕ್ಕೆ ಇಲ್ಲಿದೆ. ಒಂದು ಶೈಕ್ಷಣಿಕ ಸುಧಾರಣೆ ಹೋಗುತ್ತ ಹೋಗುತ್ತ ಒಂದು ವೃತ್ತಿಯ ಬುನಾದಿಗೆ ತಗುಲಿತು. ವಿನಾಯಿತಿಯ ಸೂಚನೆ ಬಂದದ್ದೇ ಈ ಅಚಾತುರ್ಯ ಯಾರಿಗೋ ಹೊಳೆದದ್ದರಿಂದ ಎಂದು ನನ್ನ ಊಹೆ.

ಎಂ.ಫಿಲ್. ಜಾಗದಲ್ಲಿ ಕ್ಲಿನಿಕಲ್ ಸೈಕಾಲಜಿಯ ಎಂ.ಎ., ಸೈ.ಡಿ. ಮುಂತಾದ ಪದವಿಗಳ ಏರ್ಪಾಟು ನಡೆದಿದೆ. ಬದಲಾವಣೆಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹೊಸ ಪದವಿಯಲ್ಲಿ ಆಸ್ಪತ್ರೆಯ ಗಂಟೆಗಳು ಅಷ್ಟೇ ಉಳಿದರೆ, ಒಬ್ಬ ಮೇಲ್ವಿಚಾರಕರ ಕೈಕೆಳಗಿನ ವಿದ್ಯಾರ್ಥಿಗಳ ಸಂಖ್ಯೆ ಏರದಿದ್ದರೆ, ಹಾನಿ ಆಗಬೇಕಾಗಿಲ್ಲ. ತರಗತಿ ಕೋಣೆಯನ್ನು ಒಂದು ಬೇಸಿಗೆ ರಜೆಯಲ್ಲಿ ಕಟ್ಟಬಹುದು. ವಾರ್ಡನ್ನೂ ಅದರಲ್ಲಿ ನಿಂತು ಕಲಿಸುವವರನ್ನೂ ಹಾಗೆ ತರಲಾಗದು. ಸೀಟು ಬೇಗ ಹೆಚ್ಚುವುದು ಕೋಣೆ ಇರುವಲ್ಲಿ, ಹೆಚ್ಚಬೇಕಾದದ್ದು ವಾರ್ಡು ಇರುವಲ್ಲಿ.

ಈಗ ಸಂಖ್ಯೆಗಳು. 2015ರಲ್ಲಿ ಕೇಂದ್ರ ಸರಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ ದೇಶದ ಕ್ಲಿನಿಕಲ್ ಸೈಕಾಲಜಿಸ್ಟರು 898. ಬೇಕಾದವರ ಅಂದಾಜು 20,250. ವಿಶ್ವ ಆರೋಗ್ಯ ಸಂಸ್ಥೆಯ 2017ರ ಪಟ್ಟಿಯಲ್ಲಿ ಭಾರತಕ್ಕೆ ಲಕ್ಷ ಜನರಿಗೆ 0.07 ಮನೋವಿಜ್ಞಾನಿಗಳು ಎಂದಿರುವುದೂ ಇದೇ ಲೆಕ್ಕ. ಆಮೇಲೆ ಸಂಖ್ಯೆ ಏರಿದೆ. ಎಷ್ಟು ವೇಗವಾಗಿ ಏರಲು ಸಾಧ್ಯ ಎಂಬುದನ್ನು ಮಾತ್ರ ನೋಡೋಣ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮೊದಲ ಹಂತದಲ್ಲಿ ಬಂದ 11 ಉತ್ಕೃಷ್ಟತಾ ಕೇಂದ್ರಗಳಿಗೆ ಇಟ್ಟಿದ್ದ ಗುರಿ ವರ್ಷಕ್ಕೆ 176 ಕ್ಲಿನಿಕಲ್ ಸೈಕಾಲಜಿಸ್ಟರು, ಅಂದರೆ ಒಂದೊಂದಕ್ಕೆ 16. ಕೇಂದ್ರಗಳು ಈಗ 25 ಆಗಿವೆ. ಎಲ್ಲವೂ ಇದೇ ಗುರಿಯನ್ನು ಪೂರ್ತಿ ಮುಟ್ಟಿದರೂ ವರ್ಷಕ್ಕೆ 400. ಇದೊಂದನ್ನೇ ನಂಬಿದರೆ 2015ರ ಕೊರತೆ ತುಂಬಲು 48 ವರ್ಷ ಬೇಕು. ನಿವೃತ್ತಿಯಾಗುವವರು, ವಿದೇಶಕ್ಕೆ ಹೋಗುವವರು, ಹೆಚ್ಚುವ ಜನಸಂಖ್ಯೆ ಯಾವುದೂ ಈ ಲೆಕ್ಕದಲ್ಲಿಲ್ಲ. ಬೇರೆ ಸಂಸ್ಥೆಗಳ ಸೀಟು ಸೇರಿಸಿದರೆ ಅವಧಿ ಇಳಿಯುತ್ತದೆ, ಒಂದೆರಡು ವರ್ಷಕ್ಕಂತೂ ಇಳಿಯುವುದಿಲ್ಲ. ಇತ್ತ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೇರೆಬೇರೆ ತೊಂದರೆಗಳಿಗೆ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು.

ಇಷ್ಟು ಕಡಿಮೆ ಮಂದಿ ಕೋಟಿಗಟ್ಟಲೆ ರೋಗಿಗಳನ್ನು ನೇರವಾಗಿ ನೋಡುವುದು ಎಂದಿಗೂ ಆಗದ ಮಾತು. ಅದು ಗೊತ್ತಿದ್ದೇ ಭಾರತ ಇನ್ನೊಂದು ದಾರಿ ಹುಡುಕಿತು, ಆ ದಾರಿ ಸರಿಯಾದದ್ದೂ ಹೌದು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೇ ತಯಾರು ಮಾಡಿ ಮಾನಸಿಕ ಆರೋಗ್ಯ ಸೇವೆ ಕೊಟ್ಟಿತು. ಇಂದಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಅದೇ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಅವರ ತಂಡ 24 ಚಿಕಿತ್ಸಾಲಯಗಳಲ್ಲಿ, ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯರಿಗೆ ಆಪ್ತಸಮಾಲೋಚನೆ ಕಲಿಸಿ ಪರೀಕ್ಷಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸರಕಾರಿ ಕೇಂದ್ರಗಳಿಗೆ ಬಂದ ಖಿನ್ನತೆ-ಆತಂಕದ ರೋಗಿಗಳಲ್ಲಿ ಶೇ. 65.9 ಚೇತರಿಸಿಕೊಂಡರು, ಈ ಸೇವೆ ಇಲ್ಲದ ಸರಕಾರಿ ಕೇಂದ್ರಗಳಲ್ಲಿ ಶೇ. 42.5. ಬೆಂಗಳೂರು, ಚೆನ್ನೈ, ದೆಹಲಿ, ವಿಶಾಖಪಟ್ಟಣಗಳ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ‘ಇಂಡಿಪೆಂಡೆಂಟ್’ ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮಧುಮೇಹದ ಜೊತೆ ಖಿನ್ನತೆಯೂ ಇದ್ದ 404 ಜನರಲ್ಲಿ ಅರ್ಧದಷ್ಟು ಮಂದಿಗೆ ಒಬ್ಬ ಆರೈಕೆ ಸಂಯೋಜಕರನ್ನು ಜೋಡಿಸಿದರು. ಎರಡು ವರ್ಷದಲ್ಲಿ ಖಿನ್ನತೆ ಅರ್ಧಕ್ಕಿಳಿದು, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟೆರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಆ ಗುಂಪಿನಲ್ಲಿ ಶೇ. 71.6, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4.

ಈ ಪ್ರಯೋಗಗಳನ್ನು ಮುಂದಿಟ್ಟು ‘ನೋಡಿ, ತಜ್ಞರೇ ಬೇಕಾಗಿಲ್ಲ’ ಎನ್ನುವವರಿದ್ದಾರೆ. ಅವರು ಪ್ರಬಂಧದ ತಲೆಬರಹ ಓದಿ, ವಿಧಾನದ ಪುಟಗಳನ್ನು ಬಿಟ್ಟಿದ್ದಾರೆ. ಗೋವಾದ ಸಮಾಲೋಚಕರ ಬೆನ್ನಿಗೆ ವೈದ್ಯರೂ ಭೇಟಿ ಕೊಡುವ ಮನೋವೈದ್ಯರೂ ಇದ್ದರು. ಮಧುಮೇಹ ಪ್ರಯೋಗದ ಸಂಯೋಜಕರು ನಿಯತವಾಗಿ ಮನೋವೈದ್ಯರು ಮತ್ತು ಮಧುಮೇಹ ತಜ್ಞರ ಜೊತೆ ಕುಳಿತು ಒಂದೊಂದೇ ಕೇಸನ್ನು ಪರಿಶೀಲಿಸುತ್ತಿದ್ದರು. ಫಲಿತಾಂಶ ಆ ಜೋಡಣೆಯದ್ದು, ಸಂಯೋಜಕರೊಬ್ಬರದ್ದಲ್ಲ. ಮನೋವೈದ್ಯರೇ ಎಲ್ಲ ಕಡೆ ಈ ಮೇಲ್ವಿಚಾರಣೆ ಮಾಡಲಿ ಎನ್ನೋಣವೆಂದರೆ ಅವರು ದೇಶದಲ್ಲಿ ಲಕ್ಷ ಜನರಿಗೆ 0.75 ಮಾತ್ರ ಎಂದು ಸಂಸದೀಯ ಸ್ಥಾಯಿ ಸಮಿತಿ 2023ರಲ್ಲಿ ಹೇಳಿದೆ. ಹಾಗಾಗಿ ವರ್ತನೆಯ ಚಿಕಿತ್ಸೆಯಲ್ಲಿ ಕೆಳಗಿನ ಹತ್ತಿಪ್ಪತ್ತು ಜನರನ್ನು ತಿದ್ದುವ ಹೊಣೆ ತರಬೇತಾದ ಮನೋವಿಜ್ಞಾನಿಗಳ ಮೇಲೇ ಬೀಳುತ್ತದೆ. ಅಂಥವರೊಬ್ಬರು ಇಲ್ಲವಾದರೆ ಒಬ್ಬ ಚಿಕಿತ್ಸಕರ ರೋಗಿಗಳಷ್ಟೇ ಅಲ್ಲ, ಇಡೀ ಒಂದು ತಂಡದ ರೋಗಿಗಳು ತಜ್ಞರ ಕಣ್ಣಿಗೆ ಬೀಳದೆ ಹೋಗುತ್ತಾರೆ.

ಕಾಲದ ಲೆಕ್ಕ ಇನ್ನೂ ಬಾಕಿ ಇದೆ. 2026ರಲ್ಲಿ ಈ ತರಬೇತಿಗೆ ಸೇರಬೇಕಿದ್ದ ಒಬ್ಬ ವಿದ್ಯಾರ್ಥಿನಿಗೆ ಸೀಟು ಇಲ್ಲವಾಯಿತು ಎನ್ನಿ. ಸೇರಿದ್ದರೆ ಆಕೆ 2028ಕ್ಕೆ ನೋಂದಾಯಿತ ಚಿಕಿತ್ಸಕಿಯಾಗುತ್ತಿದ್ದಳು. ಐದು ವರ್ಷ ಅನುಭವ ಪಡೆದು 2033ರ ಹೊತ್ತಿಗೆ ಇತರರಿಗೆ ಕಲಿಸುವ ಮಟ್ಟಕ್ಕೆ ಬರುತ್ತಿದ್ದಳು. ಅಂದರೆ ಈಗಿನ ಕೊರತೆಯ ನಿಜವಾದ ಪೆಟ್ಟು ಏಳು ವರ್ಷದ ನಂತರ ಕಾಣುತ್ತದೆ. ಆಗ ಎಚ್ಚೆತ್ತು ಸೀಟು ಹೆಚ್ಚಿಸಿದರೆ ಕಲಿಸುವವರು ಸಿಗಲು ಮತ್ತೆ ಏಳು ವರ್ಷ. ಮಧುಮೇಹಕ್ಕೂ ಇಂಥದೇ ಒಂದು ವಿಳಂಬವಿದೆ. ಕಣ್ಣು, ಮೂತ್ರಪಿಂಡ, ಪಾದದ ನರಗಳ ತೊಂದರೆ ಸಾಮಾನ್ಯವಾಗಿ ಕಾಯಿಲೆ ಶುರುವಾಗಿ ಹಲವು ವರ್ಷ ಕಳೆದ ಮೇಲೆ ಎದ್ದು ಕಾಣುತ್ತದೆ. ಇವತ್ತು ಹೊಸ್ತಿಲಲ್ಲಿರುವ 13.6 ಕೋಟಿಯಲ್ಲಿ ದಾಟಿದವರ ಪೈಕಿ ಕೆಲವರು 2030ರ ದಶಕದಲ್ಲಿ ಡಯಾಲಿಸಿಸ್ ಘಟಕಕ್ಕೂ ಹೃದ್ರೋಗ ವಾರ್ಡಿಗೂ ಬರುತ್ತಾರೆ. ಎರಡೂ ವಿಳಂಬಗಳು ಬಂದು ಸೇರುವುದು ಒಂದೇ ದಶಕದಲ್ಲಿ.

ಇದರ ಮೇಲೆ ಇಬ್ಬರು ಯಜಮಾನರ ಸಮಸ್ಯೆ. ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ. 1992ರ ಕಾಯ್ದೆಯಿಂದ ಹುಟ್ಟಿದ ಈ ಪರಿಷತ್ತಿನ ಕಾಳಜಿ ಅಂಗವಿಕಲರ ಪುನರ್ವಸತಿ. ಅದು ಸಾಮಾಜಿಕ ನ್ಯಾಯ ಸಚಿವಾಲಯದ ಕೆಳಗಿದೆ. ಉಳಿದ ಮನೋವಿಜ್ಞಾನಿಗಳನ್ನು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಆರೋಗ್ಯ ಸಚಿವಾಲಯದ ಕೆಳಗೆ ತಂದಿದೆ. ಆ ಕಾಯ್ದೆ ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ಕಲಿಕೆ ಬೇಕೆನ್ನುತ್ತದೆ. 2025ರಲ್ಲಿ ಯುಜಿಸಿ ಮನೋವಿಜ್ಞಾನದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳನ್ನು ನಿಲ್ಲಿಸಿದ್ದೂ ಇದರ ಬೆನ್ನಿಗೇ, ಅದು ಒಳ್ಳೆಯ ಹೆಜ್ಜೆ. ಆದರೆ ಕ್ಯಾನ್ಸರ್ ವಾರ್ಡಿನಲ್ಲಿ, ಹೃದ್ರೋಗ ವಿಭಾಗದಲ್ಲಿ ಕೆಲಸ ಮಾಡಬೇಕಾದ ಆರೋಗ್ಯ ಮನೋವಿಜ್ಞಾನಿ ಈ ಎರಡು ಮನೆಗಳ ನಡುವಿನ ಓಣಿಯಲ್ಲಿ ನಿಂತಿದ್ದಾರೆ. ಅವರಿಗಾಗಿ ಪ್ರತ್ಯೇಕ ತರಬೇತಿ ಮಾನದಂಡವೂ ಗಟ್ಟಿಯಾಗಿಲ್ಲ, ಹುದ್ದೆಗಳೂ ಹೆಚ್ಚಾಗಿ ಮನೋವೈದ್ಯ ವಿಭಾಗದ ಬಾಗಿಲು ದಾಟಿಲ್ಲ.

ಮೊಬೈಲ್ ಆ್ಯಪ್‌ಗಳೂ ಕೃತಕ ಬುದ್ಧಿಮತ್ತೆಯೂ ಈ ಕೊರತೆ ತುಂಬುತ್ತವೆ ಎಂಬ ಭರವಸೆ ಈಗ ಎಲ್ಲ ಕಡೆ ಕೇಳುತ್ತದೆ. ನೆನಪಿಸಲು, ದಾಖಲಿಸಲು ಅವು ಒಳ್ಳೆಯವು. ಕೈ ನಡುಗುತ್ತಿದೆ ಎಂದ ಮಹಿಳೆಯ ಸಕ್ಕರೆ ಪರೀಕ್ಷಿಸಬೇಕೆಂದು ಹೊಳೆಯದಿದ್ದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಏರ್ಪಾಟು ಹೆಚ್ಚು ವಿವೇಕದ್ದು: 14416ಕ್ಕೆ ಕರೆ ಮಾಡಿದರೆ ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ, ಅಗತ್ಯವಿದ್ದರೆ ತಜ್ಞರಿಗೆ ದಾಟಿಸುತ್ತಾರೆ. ಆ ಎರಡನೆಯ ಮೆಟ್ಟಿಲಿಗೂ ತಜ್ಞರು ಬೇಕು.

ಆಗಬೇಕಾದದ್ದು ಅಸಾಧ್ಯವಾದದ್ದೇನಲ್ಲ. ಹೊಸ ಪದವಿಗಳು ನೆಲೆಯೂರಿ, ಅವುಗಳಿಂದ ಹೊರಬಂದವರನ್ನು ಅಳೆದು ನೋಡುವವರೆಗೆ ಹಳೆಯ ತರಬೇತಿಯ ಸೀಟುಗಳು ಒಂದು ವರ್ಷವೂ ಖಾಲಿ ಬೀಳಬಾರದು. ಮಾನ್ಯತೆ ಕೊಡುವಾಗ ಕಟ್ಟಡ ಮತ್ತು ಪುಸ್ತಕಗಳಿಗಿಂತ ಮುಂಚೆ ಹಾಸಿಗೆಗಳನ್ನೂ ಮೇಲ್ವಿಚಾರಕರನ್ನೂ ಎಣಿಸಬೇಕು. ತರಬೇತಿಯ ಒಂದು ನಿಗದಿತ ಪಾಲು ಮನೋವೈದ್ಯ ವಿಭಾಗದ ಹೊರಗೆ, ಮಧುಮೇಹ, ಹೃದ್ರೋಗ, ಕ್ಯಾನ್ಸರ್, ಡಯಾಲಿಸಿಸ್ ಘಟಕಗಳಲ್ಲಿ ಕಡ್ಡಾಯವಾಗಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಅಕ್ಕಪಕ್ಕದಲ್ಲೇ ಇವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹುಬ್ಬಳ್ಳಿಯ ದೊಡ್ಡ ಸರಕಾರಿ ಆಸ್ಪತ್ರೆ ದೂರವಿಲ್ಲ. ಇಂಥ ತರಬೇತಿಗೆ ಬೇಕಾದ ನೆಲ ಕರ್ನಾಟಕದಲ್ಲಿ ಇರುವಷ್ಟು ಅನೇಕ ರಾಜ್ಯಗಳಲ್ಲಿ ಇಲ್ಲ.

ಓದುಗರು ಮಾಡಬಹುದಾದದ್ದೂ ಒಂದಿದೆ. ನಿಮ್ಮನ್ನೋ ಮನೆಯವರನ್ನೋ ಮನೋಚಿಕಿತ್ಸೆಗೆ ಕಳಿಸಿದಾಗ ಆ ಚಿಕಿತ್ಸಕರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಆಪ್ತಸಮಾಲೋಚಕರಾದರೆ ಅವರ ಕೇಸುಗಳನ್ನು ಯಾರು ಪರಿಶೀಲಿಸುತ್ತಾರೆ ಎಂದು ಕೇಳಿ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಸರಕಾರಕ್ಕೆ ಕೇಳಬೇಕಾದದ್ದು ಇಷ್ಟು: ರಾಜ್ಯದ ಯಾವ ಯಾವ ವೈದ್ಯಕೀಯ ಕಾಲೇಜು ಮತ್ತು ಜಿಲ್ಲಾಸ್ಪತ್ರೆಗಳಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಮಂಜೂರಾಗಿದೆ, ಎಷ್ಟು ಭರ್ತಿಯಾಗಿದೆ, ಎಷ್ಟು ತರಬೇತಿ ಸೀಟುಗಳಿಗೆ ಎಷ್ಟು ಮೇಲ್ವಿಚಾರಕರಿದ್ದಾರೆ ಎಂಬ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸಲಿ. ಅದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ. ಈ ವರ್ಷವೇ ಶುರುಮಾಡಬಹುದು.